ಏನೂ ಓದಿಲ್ಲ ಎನ್ನುವವರ ಬ್ಯಾಚು

ಪುಣೆಗೆ ಓದಲು ಹೋಗತೊಡಗಿದ ಹೊಸದರಲ್ಲಿ ನಾನು ಆ ಊರಿನ ಮಕ್ಕಳನ್ನು ನೋಡಿ ಮರುಗಿದ್ದೆ. ಹನ್ನೊಂದನೆಯ ತರಗತಿ, ಕೋಚಿಂಗ್ ಕ್ಲಾಸಿನ ಅಡ್ವಾನ್ಸ್ಡ್ ಬ್ಯಾಚು, ಮೊದಲ ಟೆಸ್ಟಿನ ಬೆಳಿಗ್ಗೆ. ಕಟ್ಟಡದ ಮೆಟ್ಟಿಲ ಮೇಲೆ ಎಲ್ಲರೂ ಕೂತು ವಡಾಪಾವ್ ತಿನ್ನುತ್ತ ಒಬ್ಬರನ್ನೊಬ್ಬರು ಎಷ್ಟು ಓದಿದೆ ಎಂದು ಕೇಳುತ್ತಿದ್ದರು. ಎಲ್ಲರದ್ದೂ ಒಂದೇ ಉತ್ತರ: "ಕಾಹೀಚ್ ಝಾಲಂ ನಾಹೀ." ಏನೂ ಆಗಿಲ್ಲ ಅಂತ. ಒಬ್ಬನ ಮನೆಯಲ್ಲಿ ಮದುವೆಯಂತೆ, ಒಬ್ಬಳಿಗೆ ವಾರವಿಡೀ ತಲೆನೋವಂತೆ. ಇನ್ನೊಬ್ಬನಂತೂ ಇವತ್ತು ಯಾವ ಪಾಠದ ಮೇಲೆ ಟೆಸ್ಟು ಎಂದು ನನ್ನನ್ನೇ ಕೇಳಿದ.

ನಾನು ದಿನಾ ರೈಲಿನಲ್ಲಿ ದೌಂಡದಿಂದ ಬರುವವಳು. ಅಪ್ಪ ಅಲ್ಲಿ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು, ಮೂಲ ಕಲಬುರಗಿ ಕಡೆಯವರು. ನಮ್ಮ ಮನೆಯಲ್ಲಿ ಯಾರಾದರೂ ಉಂಡೆಯಾ ಎಂದು ಕೇಳಿದರೆ ಉಂಡೆ ಎನ್ನುತ್ತೇವೆ, ಓದಿದೆಯಾ ಎಂದರೆ ಓದಿದೆ ಎನ್ನುತ್ತೇವೆ. ಇದರಲ್ಲಿ ಬೇರೆ ರೀತಿಯೂ ಉಂಟು ಎಂಬುದು ನನಗೆ ಗೊತ್ತಿರಲಿಲ್ಲ. ಹಾಗಾಗಿ ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ನನ್ನ ದೌಂಡದ ಮರಾಠಿಯಲ್ಲಿ ಹೇಳಿಬಿಟ್ಟೆ: ನನ್ನದು ಪೂರ್ತಿ ಓದಿ ಆಗಿದೆ, ಎರಡು ಸಲ ಆಗಿದೆ, ಯಾರಿಗಾದರೂ ಹೇಳಿಕೊಡಬೇಕೇನು?

ಹತ್ತಾರು ಜನ ವಡಾಪಾವ್ ಬಾಯಿಗಿಟ್ಟುಕೊಂಡವರು ಹಾಗೇ ನನ್ನನ್ನು ನೋಡಿದರು. ಪಾಪ, ನಾಚಿಕೆ ಆಗಿರಬೇಕು ಎಂದುಕೊಂಡು ಸುಮ್ಮನಾದೆ.

ಫಲಿತಾಂಶ ಬಂದಾಗ ಆ ಏನೂ ಆಗದವರೆಲ್ಲ ಮೇಲೆ, ಎರಡು ಸಲ ಆದವಳು ಕೆಳಗೆ. ಸಂಜೆಯೊಳಗೆ ನನಗೊಂದು ಹೆಸರೂ ಬಿತ್ತು: ಘಾಸು. ತಲೆ ತಗ್ಗಿಸಿಕೊಂಡು ಉಜ್ಜಿ ಉಜ್ಜಿ ಓದುವವಳು ಎಂದು ಅರ್ಥ. ಘಾಸು ಆಗಿ ಮೊದಲ ಸ್ಥಾನ ಬಂದರೆ ಒಂದು ಮರ್ಯಾದೆ ಇರುತ್ತದೆ. ಘಾಸು ಆಗಿ ಕೊನೆಯ ಬೆಂಚಿಗೆ ಬಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಆ ಬ್ಯಾಚಿನಲ್ಲಿ ಇರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ ಹಾಗೇ. ಆದರೆ ಅವತ್ತು ಸಿಟ್ಟಿನ ಜೊತೆಗೆ ಭಯವೂ ಇತ್ತು. ಅಪ್ಪ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. "ನೋಡವ್ವಾ, ದೀಪಾವಳಿ ಆದಮ್ಯಾಲೆ ದೊಡ್ಡ ಟೆಸ್ಟ್ ಇರ್ತದಂತ. ಅದರಾಗ ಅಡ್ವಾನ್ಸ್ ಬ್ಯಾಚಿನಾಗ ಉಳದಿ ಅಂದ್ರ ಪುಣೆ. ಕೆಳಗ ತಗದ್ರು ಅಂದ್ರ ಇಲ್ಲೇ ದೌಂಡದಾಗ ಕಾಲೇಜು. ಸಾದಾ ಕ್ಲಾಸ್ ಇಲ್ಲೂ ಅದ, ಅದಕ್ಕ ದಿನಾ ಅಷ್ಟು ದೂರ ಯಾಕ ಒದ್ದಾಡಬೇಕು?" ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನ್ನ ತೊಂದರೆಯಾಗಿತ್ತು, ವಾದ ಮಾಡಲು ಜಾಗವೇ ಇರಲಿಲ್ಲ.

ನನಗೆ ಪುಣೆ ಬೇಕಿತ್ತು. ಎಷ್ಟು ಬೇಕಿತ್ತು ಅಂತೀರಿ! ಬೆಳಗಿನ ಗಾಡಿ, ಮಹಿಳೆಯರ ಬೋಗಿ ಅಂದರೆ ನಮ್ಮ ಡಬ್ಬಿ, ಕ್ಲಾಸಿನ ಸರ್ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಅರ್ಧ ಬಿಡಿಸಿ, ಚಾಕ್ ಕೆಳಗಿಟ್ಟು, "ಮುಂದೆ?" ಎಂದು ನಮ್ಮ ಕಡೆ ತಿರುಗುವ ಆ ಗಳಿಗೆ. ಆ ಗಳಿಗೆಯಲ್ಲಿ ನನ್ನ ಎದೆ ಡವಡವ ಬಡಿಯುತ್ತಿತ್ತು. ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ, ಆದರೆ ಗೊತ್ತಾಗಿಬಿಡುತ್ತದೆ ಎಂಬ ಆಸೆ ಇರುತ್ತಿತ್ತು. ಊರಿನ ಶಾಲೆಯಲ್ಲಿ ನನಗೆ ಎಲ್ಲವೂ ಮೊದಲೇ ಗೊತ್ತಿರುತ್ತಿತ್ತು. ಗೊತ್ತಿಲ್ಲದ್ದರ ರುಚಿ ಹತ್ತಿದ್ದು ಪುಣೆಯಲ್ಲಿ.

ಗಾಡಿಯಲ್ಲಿ ನನ್ನ ಓದಿನ ಅಳತೆ ಗಂಟೆಗಳಲ್ಲಿ ಇರಲಿಲ್ಲ, ಸ್ಟೇಷನ್ನುಗಳಲ್ಲಿತ್ತು. ಎದುರು ಕೂರುತ್ತಿದ್ದ ಮೌಶಿ ಅದನ್ನು ರೂಢಿ ಮಾಡಿಸಿದವರು. ವಿಜಯಪುರ ಕಡೆಯವರು, ಪುಣೆ ಕ್ಯಾಂಪಿನ ಸೀರೆ ಅಂಗಡಿಯೊಂದರಲ್ಲಿ ಕೆಲಸ. ಸಂಬಂಧವೇನೂ ಇಲ್ಲದಿದ್ದರೂ ಡಬ್ಬಿಯವರೆಲ್ಲ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಗಾಡಿ ಹೊರಟ ಕೂಡಲೇ ಅವರು ಮಡಿಲಲ್ಲಿ ಸೊಪ್ಪು ಹರವಿಕೊಂಡು ಸೋಸಲು ಶುರು ಮಾಡುವರು, ನಾನು ಪುಸ್ತಕ ಬಿಚ್ಚುವೆ.

"ಎಲ್ಲೀತನಾ ಆತು?" ಎನ್ನುವರು.

"ಪಾಟಸದಿಂದ ಯವತ ತನಕಾ ಘರ್ಷಣೆ ಪಾಠ ಮುಗೀತ್ರಿ ಮೌಶಿ. ಇನ್ನ ಉರುಳಿ ಬರೂದ್ರಾಗ ಅದರ ಲೆಕ್ಕ ಮಾಡ್ತೀನಿ."

"ಮಾಡು ಮಾಡು. ನನ್ನ ಸೊಪ್ಪೂ ಅಲ್ಲೀತನಕ ಆಕ್ಕದ."

ಓದಿದ್ದನ್ನು ಮುಚ್ಚಿಡಲು ಅಲ್ಲಿ ಸಾಧ್ಯವೇ ಇರಲಿಲ್ಲ. ಡಬ್ಬಿಯ ಅಷ್ಟೂ ಹೆಂಗಸರ ಕಣ್ಣೆದುರು ಓದುತ್ತಿದ್ದೆ. ತೂಕಡಿಸಿದರೆ ಯಾರಾದರೂ ಮೊಣಕೈಯಿಂದ ತಿವಿಯುತ್ತಿದ್ದರು.

ಎರಡನೆಯ ಟೆಸ್ಟಿಗೆ ನಾನೂ ಪುಣೆಯವಳಾಗಲು ಹೋದೆ. ಮೆಟ್ಟಿಲ ಮೇಲೆ ಕೂತು, ಮುಖ ಸಪ್ಪೆ ಮಾಡಿಕೊಂಡು, "ಕಾಹೀಚ್ ಝಾಲಂ ನಾಹೀ" ಎಂದೆ. ಹೇಳುವಾಗ ಎಷ್ಟು ಹಗುರವಾಯಿತು! ಮಾರ್ಕ್ಸು ಹೋದರೂ ನನ್ನ ಮಾನ ಹೋಗುವುದಿಲ್ಲ ಎಂಬಂಥ ಹಗುರ. ಕಷ್ಟದ ಪ್ರಶ್ನೆ ಬಂದಾಗ ಅದೇ ಹಗುರ ಕೈಕೊಟ್ಟಿತು. ಹೇಗೂ ಓದಿಲ್ಲ ಎಂದಿದ್ದೇನಲ್ಲ ಎಂದು ಬಿಟ್ಟು ಮುಂದೆ ಹೋದೆ, ಓದಿದ್ದ ಪ್ರಶ್ನೆಯನ್ನೇ ಬಿಟ್ಟು ಹೋದೆ. ಆ ಸಲ ಮತ್ತೂ ಕೆಳಗಿಳಿದೆ.

ಆಮೇಲೆ ನನಗೊಂದು ಹುಚ್ಚು ಹಿಡಿಯಿತು. ಇವರು ನಿಜಕ್ಕೂ ಎಷ್ಟು ಓದುತ್ತಾರೆ? ಅದು ತಿಳಿಯದೆ ನನಗೆ ಅನ್ನ ಸೇರದಂತಾಯಿತು. ಒಬ್ಬೊಬ್ಬರ ಬೆರಳುಗಳನ್ನು ನೋಡಿದೆ, ಪೆನ್ನು ಹಿಡಿದು ಹಿಡಿದು ಬಿದ್ದ ಗಂಟು ಎಷ್ಟು ಗಟ್ಟಿಯಾಗಿದೆ ಎಂದು. ಪುಸ್ತಕದ ಮೂಲೆಗಳನ್ನು ನೋಡಿದೆ. ಹೊಸತರಂತಿರುವ ಪುಸ್ತಕ ತರುವವರ ಮನೆಯಲ್ಲಿ ಅದೇ ಪುಸ್ತಕದ ಇನ್ನೊಂದು ಹರಿದ ಪ್ರತಿ ಇರುತ್ತದೆ ಎಂಬ ಗುಮಾನಿಯೂ ಬಂತು.

ಗೆಳತಿ ಎಂದು ನನಗಿದ್ದವಳು ಒಬ್ಬಳೇ, ಅವಳೇ ಬ್ಯಾಚಿನ ಎಲ್ಲ ಟೆಸ್ಟುಗಳಲ್ಲೂ ಮುಂದೆ ಇರುತ್ತಿದ್ದವಳು. ಮೈಸೂರಿನವರು, ಅಪ್ಪ ಅಮ್ಮ ಇಬ್ಬರೂ ಪುಣೆಯ ಹಿಂಜವಾಡಿಯ ಐಟಿ ಕಂಪನಿಗಳಲ್ಲಿ. ಫೋನಿನಲ್ಲಿ ಅವಳು ಅಮ್ಮನ ಮೇಲೆ ಕನ್ನಡದಲ್ಲಿ ರೇಗಿದ್ದನ್ನು ಕೇಳಿಯೇ ನಮ್ಮ ಸ್ನೇಹ ಶುರುವಾದದ್ದು. ಅವಳೂ ಪ್ರತಿ ಸಲ ಅದನ್ನೇ ಹೇಳುತ್ತಿದ್ದಳು. "ಏನೂ ಓದಿಲ್ಲ ಕಣೇ, ಸತ್ತೆ ಇವತ್ತು." ಮಧ್ಯಾಹ್ನದ ಹೊತ್ತಿಗೆ ಸಾಯುತ್ತಿದ್ದವಳು ನಾನು.

ಒಂದು ಭಾನುವಾರ ಅವಳ ಮನೆಗೆ ಊಟಕ್ಕೆ ಹೋದೆ. ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತು ನಿಂತು ಹೋಗುವಾಗ ನನಗೆ ಊಟದ ಯೋಚನೆ ಒಂದಿಷ್ಟೂ ಇರಲಿಲ್ಲ, ಪತ್ತೇದಾರಿಕೆಗೆ ಹೊರಟಂತಿತ್ತು. ಮನೆ ಅಚ್ಚುಕಟ್ಟು. ಓದುವ ಮೇಜಿನ ಮೇಲೆ ಒಂದೂ ಪುಸ್ತಕವಿಲ್ಲ, ಒಂದು ಹೂದಾನಿ ಇದೆ.

"ಇವಳು ಓದೋದೇ ಇಲ್ಲಮ್ಮ," ಎಂದು ಅವಳ ಅಮ್ಮ ಸಾರು ಬಡಿಸುತ್ತ ನನ್ನ ಹತ್ತಿರ ದೂರಿದರು. "ಇಪ್ಪತ್ನಾಲ್ಕು ಗಂಟೇನೂ ಮೊಬೈಲು. ಅದು ಹೇಗೆ ಮಾರ್ಕ್ಸ್ ಬರುತ್ತೋ ನಮಗೇ ಗೊತ್ತಿಲ್ಲ. ನೀನಾದ್ರೂ ಸ್ವಲ್ಪ ಬುದ್ಧಿ ಹೇಳು."

ಅವರ ಮಾತು ಕೇಳುತ್ತ ಕೇಳುತ್ತ ನಾನು ಸಾರನ್ನು ಮೈಮೇಲೆ ಚೆಲ್ಲಿಕೊಂಡೆ. ಬೇಕೆಂದು ಅಲ್ಲ, ಆಣೆಗೂ. "ಒಳಗೆ ಹೋಗಿ ಅವಳದ್ದೊಂದು ಟಾಪ್ ಹಾಕ್ಕೋ" ಎಂದರು. ಗೆಳತಿ ತಟ್ಟೆ ಬಿಟ್ಟು ಓಡಿಬರುವಷ್ಟರಲ್ಲಿ ನಾನು ಅವಳ ಕೋಣೆಯ ಬೀರುವಿನ ಬಾಗಿಲು ತೆರೆದಾಗಿತ್ತು.

ಬಟ್ಟೆ ಕಾಣಿಸಲೇ ಇಲ್ಲ. ಬಾಗಿಲ ಒಳಮೈ ತುಂಬ ಚೀಟಿ! ಹಳದಿ, ಗುಲಾಬಿ, ಹಸಿರು ಚೀಟಿಗಳ ಮೇಲೆ ಚೀಟಿ. ಸೂತ್ರ, ಚಿತ್ರ, ತಪ್ಪಿದ ಲೆಕ್ಕ, ಅದೇ ಲೆಕ್ಕ ಮತ್ತೆ, ಅದರ ಕೆಳಗೆ ಕೆಂಪಿನಲ್ಲಿ ತನಗೆ ತಾನೇ ಬೈದುಕೊಂಡ ಬೈಗುಳ. ಬಟ್ಟೆ ಮಡಿಸಿಡುವ ಖಾನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ರಾಶಿ. ಅಂಗಿಯ ಹ್ಯಾಂಗರಿಗೂ ಒಂದು ಕಾರ್ಡು ಕಟ್ಟಿತ್ತು.

"ಕಳ್ಳೀ!" ಎಂದು ಕೂಗಿದೆ. "ಏನೂ ಓದಿಲ್ಲ ಅಂತಿ! ಬೀರೂನೇ ಓದ್ಯದ, ನೀ ಓದಿಲ್ಲ!"

ಅವಳು ಬಾಗಿಲು ಹಾಕಿ, ನನ್ನ ಬಾಯಿ ಮುಚ್ಚಿ, ಮೊದಲು ನಕ್ಕಳು. ನಾನು ನಗದೆ ಇದ್ದುದನ್ನು ನೋಡಿ ಮಂಚದ ಮೇಲೆ ಕೂತಳು. "ನೋಡು, ಓದಿದೀನಿ ಅಂತ ಹೇಳಿ ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ನಾನು ದಡ್ಡಿ ಅಂತಾಗೋಯ್ತು. ಓದಿಲ್ಲ ಅಂತ ಹೇಳಿದ್ರೆ, ಓದಿದ್ರೆ ಬರ್ತಿತ್ತು ಅಂತಾದ್ರೂ ಉಳಿಯುತ್ತಲ್ವಾ? ಅಮ್ಮಂಗೂ ಅಷ್ಟೇ. ಯಾರಾದ್ರೂ ಬಂದ್ರೆ ಅವಳೇ ಮೇಜು ಖಾಲಿ ಮಾಡ್ತಾಳೆ."

"ಮತ್ತ ಮಾರ್ಕ್ಸ್ ಬಂದ್ರ?" ಎಂದೆ.

"ಬಂದ್ರೆ ಲಕ್ ಅಂತೀನಿ."

"ಅಷ್ಟು ಓದಿ ಲಕ್ಕಿಗೆ ಕೊಡ್ತೀ? ಹುಚ್ಚದೀ ಏನ?"

ಅವಳು ಕೆಳಗೆ ಬಿದ್ದಿದ್ದ ಚೀಟಿಯೊಂದನ್ನು ಎತ್ತಿ ಬೀರುವಿನ ಬಾಗಿಲಿಗೆ ಮತ್ತೆ ಅಂಟಿಸಿದಳು. ನನ್ನ ಸಿಟ್ಟು ಆ ಕೋಣೆಯಲ್ಲೇ ಇಳಿದು, ಅದರ ಜಾಗಕ್ಕೆ ಇನ್ನೇನೋ ಏರಿತು. ಇವಳೂ ಉಜ್ಜುತ್ತಾಳೆ! ಇವಳಿಗೂ ಲೆಕ್ಕ ತಪ್ಪುತ್ತದೆ, ಮತ್ತೆ ಮಾಡುತ್ತಾಳೆ! ಇಷ್ಟು ದಿನ ಇವರೆಲ್ಲ ಬೇರೆಯೇ ಮಣ್ಣಿನಿಂದ ಆದವರು, ನನ್ನ ತಲೆಯಲ್ಲೇ ಏನೋ ಕಡಿಮೆ ಎಂದು ಒಳಗೊಳಗೆ ಅಂಜಿದ್ದೆ. ಕಡಿಮೆ ಇದ್ದದ್ದು ಓದು! ಅದಕ್ಕೇನು, ಓದಬಹುದು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಒಬ್ಬಳಿಗೇ ನಗು ಬರುತ್ತಿತ್ತು.

ಹೊರಡುವ ಮುಂಚೆ ಒಂದು ಕರಾರು ಮಾಡಿಸಿಕೊಂಡಿದ್ದೆ. ಊರಿಗೆಲ್ಲ ಏನಾದರೂ ಹೇಳಲಿ, ನಾವಿಬ್ಬರು ಒಬ್ಬರಿಗೊಬ್ಬರು ಓದಿದ್ದನ್ನು ಓದಿದ ಹಾಗೇ ಹೇಳಬೇಕು. ಅವಳು ಒಪ್ಪಿದಳು, ಮೊದಲ ದಿನ ಫೋನಿನಲ್ಲಿ ಹೇಳಲು ತಡವರಿಸಿದಳು, ಆಮೇಲೆ ಹೇಳಲು ಶುರು ಮಾಡಿದರೆ ನಿಲ್ಲಿಸುವುದೇ ಕಷ್ಟವಾಯಿತು. ಅವಳ ಓದಿನ ರಾಶಿ ಕೇಳಿ ನನಗೆ ತಲೆ ತಿರುಗಿತು. ನಾನು ಓದಿ ಪುಸ್ತಕ ಮುಚ್ಚಿಡುತ್ತಿದ್ದ ಕಡೆ ಅವಳು ಓದಿ, ಮುಚ್ಚಿ, ಬರೆದು, ತಪ್ಪು ಹುಡುಕಿ, ಮರುದಿನ ಮತ್ತೆ ಬರೆಯುತ್ತಿದ್ದಳು. ನಾನು ಎರಡು ಸಲ ಓದಿದ್ದೆ ಎಂದು ಮೆಟ್ಟಿಲ ಮೇಲೆ ಎದ್ದು ನಿಂತು ಸಾರಿದ್ದೆನಲ್ಲ, ದೇವರೇ!

ಅಲ್ಲಿಂದ ದೀಪಾವಳಿಯವರೆಗಿನ ದಿನಗಳನ್ನು ನೆನೆದರೆ ಈಗಲೂ ಮೈಯಲ್ಲಿ ಮಿಂಚು ಓಡುತ್ತದೆ. ಮೌಶಿ ಡಬ್ಬಿಯವರಿಗೆಲ್ಲ ನನ್ನ ಟೆಸ್ಟಿನ ವಿಷಯ ಹೇಳಿದರು. ಬಿಸಿಲು ಬೀಳದ ಕಡೆಯ ಕಿಟಕಿ ನನಗೆ ಬಿಟ್ಟುಕೊಟ್ಟರು. ಯಾರೋ ಮಂಡಕ್ಕಿ, ಯಾರೋ ಕಿತ್ತಳೆ ತೊಳೆ ಕೈಗಿಡುವರು. ನಾನು ಪುಸ್ತಕ ಮುಚ್ಚಿ ಮೌಶಿಗೆ ಪಾಠ ಒಪ್ಪಿಸುತ್ತಿದ್ದೆ, ಅವರಿಗೆ ಅರ್ಥವಾಗದಿದ್ದರೆ ನನಗೂ ಅರ್ಥವಾಗಿಲ್ಲ ಎಂದು ಲೆಕ್ಕ.

ಒಂದು ಬೆಳಿಗ್ಗೆ ಲೋಣಿ ದಾಟುತ್ತಿದ್ದಂತೆ ಉರುಳುವ ಚಕ್ರದ ಪಾಠ ಇದ್ದಕ್ಕಿದ್ದಂತೆ ತಲೆಯೊಳಗೆ ಬಿಚ್ಚಿಕೊಂಡಿತು. ವಾರದಿಂದ ಬಾಯಿಪಾಠ ಮಾಡಿದ್ದ ಸೂತ್ರ ಅದು. ಅದು ಸೂತ್ರವಲ್ಲ, ನನ್ನ ಕಾಲ ಕೆಳಗೇ ಆಗುತ್ತಿರುವ ಸಂಗತಿ ಎಂದು ಹೊಳೆದಾಗ ಕೂರಲು ಆಗಲಿಲ್ಲ.

"ಮೌಶೀ! ಗಾಡಿ ಓಡಾಕತ್ತದ ಅಲ್ರೀ, ಅದರ ಗಾಲಿ ಹಳಿಗೆ ಹತ್ತತದಲ್ಲ, ಆ ಜಾಗಾ ಆ ಗಳಿಗ್ಯಾಗ ನಿಂತಿರ್ತದ್ರೀ! ಒಂಚೂರೂ ಅಳ್ಳಾಡೂದಿಲ್ಲ!"

ಮೌಶಿ ಸೊಪ್ಪಿನಿಂದ ತಲೆ ಎತ್ತಿದರು. "ಗಾಡಿ ಓಡತದ, ಗಾಲಿ ನಿಂತದ? ತಲಿ ಕೆಟ್ಟದೇನ ನಿನಗ? ಕೂಡು, ನೀರು ಕುಡಿ."

ನಾನು ಕೂರಲಿಲ್ಲ. ಮೌಶಿಯ ಸ್ಟೀಲ್ ಡಬ್ಬಿಯ ಮುಚ್ಚಳ ಕಿತ್ತುಕೊಂಡು ಸೀಟಿನ ಹಲಗೆಯ ಮೇಲೆ ಉರುಳಿಸಿ ತೋರಿಸಿದೆ. ಉರುಳುವಾಗ ಕೆಳಗಿನ ಅಂಚು ಜಾರುತ್ತದೇನು ನೋಡಿರಿ ಎಂದೆ. ಜಾರಿದರೆ ಉಜ್ಜಿದ ಸಪ್ಪಳ ಬರಬೇಕಲ್ಲ ಎಂದೆ. ಆಚೆ ಸೀಟಿನ ಒಬ್ಬ ನರ್ಸಮ್ಮ ಬಗ್ಗಿ ನೋಡಿದರು, ಕಾಲೇಜಿನ ಇಬ್ಬರು ಹುಡುಗಿಯರು ನೋಡಿದರು. ಮುಚ್ಚಳ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಹಡಪ್ಸರ್ ಬರುವ ತನಕ ಉರುಳಿತು. ಇಳಿಯುವಾಗ ಮೌಶಿ, "ಖರೇನ ನಿಂತಿರ್ತದೇನವಾ?" ಎಂದು ಮತ್ತೊಮ್ಮೆ ಕೇಳಿ, ಪ್ಲಾಟ್‌ಫಾರ್ಮಿನ ಮೇಲೆ ನಿಂತು ಗಾಲಿಯನ್ನು ಒಂದು ಸಲ ಬಗ್ಗಿ ನೋಡಿಯೇ ಹೋದರು.

ದೊಡ್ಡ ಟೆಸ್ಟಿನ ದಿನ ಮೆಟ್ಟಿಲ ಮೇಲೆ ಅದೇ ಭಜನೆ ನಡೆದಿತ್ತು. ನನ್ನ ಸರದಿ ಬಂತು. "ಕಾಯ್ ಗಂ ಘಾಸು, ಕಿತೀ ಝಾಲಂ?" ಎಂದು ಒಬ್ಬ ಕೇಳಿದ. ಎಷ್ಟಾಯಿತು ಅಂತ. ಇವತ್ತು ಓದಿದ್ದೇನೆ ಎಂದು ಹೇಳಿ ಕೆಳಗೆ ಬಿದ್ದರೆ ಮತ್ತೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ದೌಂಡದ ಕಾಲೇಜು, ಮನೆಯ ಹಿಂದಿನ ಓಣಿ, ಅಷ್ಟೇ. ಗೆಳತಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಸಗಳಂ ಝಾಲಂ," ಎಂದೆ. ಎಲ್ಲಾ ಆಗಿದೆ.

ಅವರು ನಕ್ಕರು. ನನಗೆ ಅಳುಕು ಇತ್ತು, ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಬಿಟ್ಟು ಓಡಲು ನನ್ನ ಹತ್ತಿರ ನೆಪ ಒಂದೂ ಉಳಿದಿರಲಿಲ್ಲ. ಕಷ್ಟದ ಪ್ರಶ್ನೆ ಬಂದಾಗ ಅಲ್ಲೇ ಕೂತೆ. ಹಟ ಮಾಡಿ ಕೂತೆ. ಒಂದು ಬಗೆಹರಿಯಿತು, ಇನ್ನೊಂದು ಬಗೆಹರಿಯಿತು, ಮೂರನೆಯದು ಬಗೆಹರಿಯಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಸರ್ ಬ್ಯಾಚಿನಲ್ಲಿ ಉಳಿದವರ ಹೆಸರುಗಳನ್ನು ಮೇಲಿನಿಂದ ಓದಿದರು. ಮೊದಲ ಹೆಸರು ನನ್ನ ಗೆಳತಿಯದು. ಆಮೇಲೆ ಓದುತ್ತಲೇ ಹೋದರು. ಹೆಸರು ಕರೆದವರು ಎದ್ದು ಮುಂದಿನ ಬೆಂಚುಗಳಿಗೆ ಹೋಗಿ ಕೂರಬೇಕು. ಮುಂದಿನ ಬೆಂಚುಗಳು ತುಂಬುತ್ತಿದ್ದವು, ಹಿಂದೆ ನಾವು ಕೆಲವರು ಉಳಿದೆವು. ಸರ್ ಚಹಾ ಬಂತೆಂದು ನಿಲ್ಲಿಸಿದರು. ಆ ಚಹಾ! ಊದಿ ಊದಿ ಕುಡಿದರು. ನಾನು ಅಪ್ಪನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಗ್ಲಾಸು ಕೆಳಗಿಟ್ಟು ಸರ್ ಇನ್ನೂ ಮೂರು ಹೆಸರು ಓದಿದರು, ನಡುವಿನದು ನನ್ನದು.

ನಾನು ಕಿರುಚಿದೆ. ಬೆಂಚು ಹತ್ತಿದೆ ಎಂದು ಆಮೇಲೆ ಹೇಳಿದರು, ನನಗೆ ನೆನಪಿಲ್ಲ. "ಓದಿದ್ದೆ ಸರ್! ಭಾಳ ಓದಿದ್ದೆ! ಅದಕ್ಕೇ ಬಂತು!" ಎಂದು ಮರಾಠಿ ಕನ್ನಡ ಎರಡನ್ನೂ ಕಲಸಿ ಕೂಗಿದೆ. ಅಪ್ಪನಿಗೆ ಅಲ್ಲಿಂದಲೇ ಫೋನು ಮಾಡಿದೆ. "ಆತು ತಗೋ, ಗಾಡಿ ಪಾಸ್ ಮಾಡಸ್ತೀನಿ ಮುಂದಿನ ತಿಂಗಳದ್ದು" ಎಂದರು ಅಪ್ಪ. ಕೊನೆಯಿಂದ ಎರಡನೆಯವಳಾಗಿ ಉಳಿದ ನನ್ನಷ್ಟು ಸಂತೋಷ ಆ ಕೋಣೆಯಲ್ಲಿ ಯಾರಿಗೂ ಆಗಿರಲಿಲ್ಲ.

ಮೊದಲನೆಯವಳು ಬಾಗಿಲ ಹತ್ತಿರ ನಿಂತು ಎಲ್ಲರ ಕೈಕುಲುಕುತ್ತಿದ್ದಳು. "ಲಕ್, ಜಸ್ಟ್ ಲಕ್. ಏನೂ ಓದಿರ್ಲಿಲ್ಲ." ಹೌದಲ್ಲ ಎಂದು ಜನ ತಲೆಯಾಡಿಸಿ ಹೋಗುತ್ತಿದ್ದರು. ಅವಳು ನನ್ನ ಕಡೆ ನೋಡಿದಳು. ಹೊಟ್ಟೆಕಿಚ್ಚಿನ ನೋಟ ಅದು, ಖಂಡಿತ. ಎಲ್ಲರಿಗಿಂತ ಮೇಲೆ ಬಂದವಳಿಗೆ, ಓದಿದ್ದೆ ಎಂದು ಕೂಗಿದ ನನ್ನ ಮೇಲೆ ಹೊಟ್ಟೆಕಿಚ್ಚು!

"ನಾಳೆ ರಜಾ. ನಮ್ಮನಿಗೆ ಬರ್ತಿಯೇನ?" ಎಂದೆ. ಅವಳು ಅಮ್ಮನಿಗೆ ಫೋನು ಮಾಡಿ ಹಟ ಹಿಡಿದು ಒಪ್ಪಿಸಿದಳು. ಸಂಜೆಯ ಗಾಡಿಯಲ್ಲಿ, ನಮ್ಮ ಮಾಮೂಲಿ ಡಬ್ಬಿಯಲ್ಲಿ, ಅವಳನ್ನು ಮೌಶಿಯ ಪಕ್ಕ ಕೂರಿಸಿದೆ. ನನ್ನ ಸುದ್ದಿ ಕೇಳಿ ಡಬ್ಬಿಯಲ್ಲಿ ಗದ್ದಲವೆದ್ದಿತು, ಬೆನ್ನಿಗೆ ಗುದ್ದುಗಳು ಬಿದ್ದವು. ಇವಳು ಎಲ್ಲರಿಗಿಂತ ಮೊದಲು ಬಂದವಳು ಎಂದು ನಾನು ಹೇಳಿದಾಗ ಮೌಶಿ ಅವಳ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ಹೌದಾ? ಎಷ್ಟು ಓದಿದ್ದೆವಾ ಮತ್ತ?"

ಅವಳ ಬಾಯಿ ತಾನಾಗಿ, "ಏನೂ ಓದಿ..." ಎಂದಿತು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು, ಅವಳ ಅಮ್ಮ. ಗಾಡಿಯ ಸದ್ದಿಗೆ ಕೇಳಿಸದೆಂದು ಸ್ಪೀಕರಿಗೆ ಹಾಕಿದಳು. ಪಕ್ಕದ ಮನೆಯ ಆಂಟಿ ಶುಭಾಶಯ ಹೇಳಲು ಬಂದಿದ್ದಾರಂತೆ, ಹಾಸನದ ಕಡೆಯವರು. ಅಮ್ಮ ಅವರಿಗೆ ಹೇಳುತ್ತಿರುವುದೂ ಇಡೀ ಡಬ್ಬಿಗೆ ಕೇಳಿಸಿತು: "ಅಯ್ಯೋ, ಎಲ್ಲಿ ಓದ್ತಾಳೆ ಬಿಡಿ, ಪುಸ್ತಕಾನೇ ಮುಟ್ಟಲ್ಲ. ಅದು ಹೇಗೋ ಬಂದ್ಬಿಟ್ಟಿದೆ."

ಗೆಳತಿಯ ಮುಖ ಕೆಂಪಾಯಿತು. ಮೌಶಿ ಇನ್ನೂ ಅವಳ ಗದ್ದ ಬಿಟ್ಟಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು.

"ಅಮ್ಮಾ, ಫೋನ್ ಆಂಟಿ ಕೈಗೆ ಕೊಡು," ಎಂದಳು.

"ಯಾಕೇ?"

"ಕೊಡಮ್ಮಾ!"

ಆ ಕಡೆ ಫೋನು ಕೈ ಬದಲಾಯಿಸಿತು. ಇವಳು ಎದ್ದು ನಿಂತಳು, ಒಂದು ಕೈಯಲ್ಲಿ ಕಂಬಿ ಹಿಡಿದು, ಗಾಡಿಗಿಂತ ಜೋರಾಗಿ ಕೂಗಿದಳು. "ಆಂಟಿ, ಅಮ್ಮ ಹೇಳಿದ್ದು ಸುಳ್ಳು. ನಾನು ಓದಿದೀನಿ. ತುಂಬಾ ಓದಿದೀನಿ. ಅತ್ತು ಅತ್ತು ಓದಿದೀನಿ. ಅದು ಹೇಗೋ ಬಂದಿದ್ದಲ್ಲ, ನಾನು ತಂದಿದ್ದು!"

ಫೋನಿನಲ್ಲಿ ಆಂಟಿ ನಕ್ಕರು.

"ಗೊತ್ತು ಪುಟ್ಟಿ," ಎಂದರು. "ನಮ್ಮ ಬೆಡ್‌ರೂಮು ನಿನ್ನ ರೂಮು ಒಂದೇ ಗೋಡೆ. ಬೆಳಿಗ್ಗೆ ಬೆಳಿಗ್ಗೆ ನೀನು ಗಟ್ಟಿಯಾಗಿ ಹೇಳ್ಕೊಳ್ಳೋದು ಕೇಳಿ ಕೇಳಿ ನಮ್ಮೆಜಮಾನ್ರಿಗೂ ಆ ಸೂತ್ರಗಳೆಲ್ಲ ಬಾಯಿಗೆ ಬಂದಿದೆ. ಈ ಫ್ಲೋರಿನಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ. ನೀವೇ ಹೇಳ್ಲಿ ಅಂತ ಸುಮ್ನಿದ್ವಿ."